ಓಕಿ ದ್ವೀಪದ ವಿದ್ಯಾರ್ಥಿಗಳ ಪ್ರವಾಸ ಯೋಜನೆ: ಜಪಾನೀ ಬಲ್ಲವರ ಸಹಾಯ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ. ಜಪಾನಿನ ವಿದ್ಯಾರ್ಥಿಗಳು ತಮ್ಮ ಊರಿನ ಪರಂಪರೆಯನ್ನು ನೆಚ್ಚಿ ರೂಪಿಸಿದ ಪ್ರವಾಸ ಯೋಜನೆಗಳ ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದು, ಅದಕ್ಕೆ ನಿಮ್ಮ ನೆರವು ಬೇಕಾಗಿದೆ.

ನಾನು ಆರಿಸಿಕೊಂಡಿರುವುದು ಶಿಮಾನೆ ಪ್ರಾಂತ್ಯದ ಓಕಿ ದ್ವೀಪಸಮೂಹದಲ್ಲಿ, ಆಮಾ ಎಂಬ ಊರಿನಲ್ಲಿರುವ ಓಕಿ ದೋಜೆನ್ ಪ್ರೌಢಶಾಲೆಯನ್ನು. ಮಕ್ಕಳ ಸಂಖ್ಯೆ ಕುಸಿದು ಶಾಲೆಯೇ ಮುಚ್ಚಿಹೋಗುವ ಆತಂಕವಿದ್ದ ಕಾಲದಲ್ಲಿ, ಅಲ್ಲಿನ ವಿದ್ಯಾರ್ಥಿಗಳು ‘ಹಿತೊತ್ಸುನಾಗಿ’, ಅಂದರೆ ಜನರ ಬೆಸುಗೆ, ಎಂಬ ಯೋಜನೆಯನ್ನು ರೂಪಿಸಿ, ಪ್ರೌಢಶಾಲಾ ವಿದ್ಯಾರ್ಥಿಗಳ ಪ್ರವಾಸ ಯೋಜನೆಗಳಿಗಾಗಿ ನಡೆಯುವ ‘ಕಾಂಕೋ ಕೋಶಿಯೆನ್’ ಎಂಬ ಸ್ಪರ್ಧೆಯಲ್ಲಿ 2009ರಲ್ಲಿ ಅತ್ಯುನ್ನತ ಬಹುಮಾನ ಪಡೆದರು. 1221ರಲ್ಲಿ ಗಡೀಪಾರಾಗಿ ಬಂದ ನಿವೃತ್ತ ಚಕ್ರವರ್ತಿ ಗೊ-ತೊಬಾ ಕೊನೆಯುಸಿರೆಳೆದ ನೆಲವದು. ಆ ಹೆಸರೊಂದನ್ನೇ ಮುಂದಿಟ್ಟು ಪ್ರವಾಸಿಗರನ್ನು ಕರೆಯಬಹುದಾಗಿದ್ದರೂ, ನೋಡುವ ತಾಣಗಳಿಗಿಂತ ದ್ವೀಪದ ಜನರ ಒಡನಾಟವೇ ದೊಡ್ಡದೆಂದು ಆ ಮಕ್ಕಳು ತೀರ್ಮಾನಿಸಿದ್ದು ನನ್ನ ಮನಸ್ಸನ್ನು ಬಹಳವಾಗಿ ತಟ್ಟಿದೆ.

ಅಲ್ಲಿನ ‘ಕಿನ್ಯಾಮೊನ್ಯಾ’ ಎಂಬ ಜನಪದ ಕುಣಿತದಲ್ಲಿ ಎರಡೂ ಕೈಗಳಲ್ಲಿ ಅನ್ನ ಬಡಿಸುವ ಮರದ ಸೌಟುಗಳನ್ನು ಹಿಡಿದು, ಒಂದಕ್ಕೊಂದು ತಟ್ಟುತ್ತಾ ಹೆಜ್ಜೆ ಹಾಕುತ್ತಾರೆ. ಅದರ ಹಾಡಿನ ಪ್ರಾದೇಶಿಕ ಜಪಾನೀ ಮಾತುಗಳು ನನಗೆ ಅರ್ಥವಾಗುತ್ತಿಲ್ಲ. ಅವನ್ನು ಬಿಡಿಸಿ ಹೇಳಬಲ್ಲವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ.

ಜಪಾನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಯಾರಾದರೂ ಆಮಾಕ್ಕೆ ಹೋಗಿ ಬಂದಿದ್ದರೆ, ಅಥವಾ ಇಂಥದೇ ಯೋಜನೆ ಮಾಡಿದ ಬೇರೆ ಶಾಲೆಯನ್ನು ಹತ್ತಿರದಿಂದ ಕಂಡಿದ್ದರೆ, ಅಲ್ಲಿ ಮಕ್ಕಳು ಊರ ಹಿರಿಯರನ್ನು ಹೇಗೆ ಒಪ್ಪಿಸಿದರು, ಅತಿಥಿಗಳ ವಸತಿ ಮತ್ತು ಖರ್ಚನ್ನು ಹೇಗೆ ತೂಗಿಸಿದರು ಎಂಬುದನ್ನು ತಿಳಿಯಬೇಕಾಗಿದೆ. ಇಲ್ಲಿಯೇ ಬರೆಯಬಹುದು, ಇಲ್ಲವೇ ನನಗೆ ನೇರವಾಗಿ ಸಂದೇಶ ಕಳುಹಿಸಬಹುದು. ನಿಮ್ಮ ಒಪ್ಪಿಗೆಯಿಲ್ಲದೆ ಹೆಸರನ್ನು ಲೇಖನದಲ್ಲಿ ಬಳಸುವುದಿಲ್ಲ.