ಡಿಜೆ ಕಂಟ್ರೋಲರ್ ಕೊಳ್ಳೋ ಮೊದಲು ಅದರ ಹಿಂಬದಿ ನೋಡಿ: ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆ): ಮದುವೆ ಆರತಕ್ಷತೆ, ಕಾಲೇಜು ಫಂಕ್ಷನ್‌ಗಳಿಗೆ ಡಿಜೆ ಮಾಡೋಕೆ ಶುರು ಮಾಡ್ತಿದೀನಿ. ವಿಂಡೋಸ್ ಲ್ಯಾಪ್‌ಟಾಪ್ ಇದೆ, 8 ಜಿಬಿ ರ‍್ಯಾಮ್. ಲ್ಯಾಪ್‌ಟಾಪ್‌ನ ಹಾಡು ಬೆರೆಸೋ ಪೆಟ್ಟಿಗೆ, ಅಂದ್ರೆ ಕಂಟ್ರೋಲರ್, ಕೊಳ್ಳಬೇಕು. ಬಜೆಟ್ 35 ಸಾವಿರದ ಆಸುಪಾಸು. ಪಯನೀರ್ ಡಿಡಿಜೆ-ಎಫ್‌ಎಲ್‌ಎಕ್ಸ್4 ತಗೊಳ್ಳಲಾ, ನ್ಯೂಮಾರ್ಕ್ ಮಿಕ್ಸ್‌ಟ್ರ್ಯಾಕ್ ಪ್ಲಾಟಿನಂ ಎಫ್‌ಎಕ್ಸ್ ತಗೊಳ್ಳಲಾ? ಎರಡನೆಯದರಲ್ಲಿ ಜಾಗ್ (ಕೈಯಲ್ಲಿ ತಿರುಗಿಸೋ ಚಕ್ರ) ಮೇಲೆ ಡಿಸ್‌ಪ್ಲೇ ಇದೆ, ನಾಲ್ಕು ಡೆಕ್ (ಹಾಡು ಓಡಿಸೋ ಪ್ಲೇಯರ್) ಬೇರೆ.

ಉತ್ತರ (ಡಿಜೆ ತರಬೇತುದಾರ): ಮೊದಲು ಸಾಫ್ಟ್‌ವೇರ್ ತೀರ್ಮಾನ ಮಾಡಿ, ಡಬ್ಬ ಆಮೇಲೆ. ಎಫ್‌ಎಲ್‌ಎಕ್ಸ್4 ರೆಕಾರ್ಡ್‌ಬಾಕ್ಸ್‌ನಲ್ಲೂ ಓಡುತ್ತೆ, ಸೆರಾಟೊದಲ್ಲೂ ಓಡುತ್ತೆ. ಕೇಬಲ್ ಚುಚ್ಚಿದ ಕೂಡಲೇ ರೆಕಾರ್ಡ್‌ಬಾಕ್ಸ್‌ನ ಪರ್ಫಾರ್ಮೆನ್ಸ್ ಮೋಡ್ (ಲೈವ್ ನುಡಿಸೋ ಭಾಗ) ಚಂದಾ ಕಟ್ಟದೇ ತೆರೆದುಕೊಳ್ಳುತ್ತೆ. ಸೆರಾಟೊ ಆದರೆ ಲೈಟ್ ಆವೃತ್ತಿ ಉಚಿತ, ಪ್ರೊ ಬೇಕಂದ್ರೆ ದುಡ್ಡು. ಮಿಕ್ಸ್‌ಟ್ರ್ಯಾಕ್ ಜೊತೆ ಬರೋದು ಸೆರಾಟೊ ಲೈಟ್. ಅದರಲ್ಲಿ ಸೆಟ್ ರೆಕಾರ್ಡ್ ಮಾಡೋ ಸೌಲಭ್ಯ ಇಲ್ಲ. ಅದಕ್ಕೆ ಪ್ರೊ ಬೇಕಾಗೋದ್ರಿಂದ, ಆ ಖರ್ಚನ್ನೂ ಈಗಲೇ ಬಜೆಟ್‌ಗೆ ಸೇರಿಸಿ ಹೋಲಿಸಿ.

ನಾಲ್ಕು ಡೆಕ್ ವಿಷಯಕ್ಕೆ ಮರುಳಾಗಬೇಡಿ. ಪ್ಲಾಟಿನಂನಲ್ಲಿ ವಾಲ್ಯೂಮ್ ಫೇಡರ್ (ಶಬ್ದ ಏರಿಳಿಸೋ ಸ್ಲೈಡರ್), ಇಕ್ಯೂ (ಬೇಸ್, ಟ್ರೆಬಲ್ ಹೊಂದಿಸೋ ನಾಬ್) ಸಾಲು ಇರೋದು ಎರಡೇ. ಬಟನ್ ಒತ್ತಿದರೆ ಅದೇ ಸಾಲು 1ನೇ ಡೆಕ್‌ನಿಂದ 3ನೇ ಡೆಕ್‌ಗೆ ಹಾರುತ್ತೆ. ಆಗ ಫೇಡರ್ ಕೈಯಲ್ಲಿ ಮೇಲಿದ್ದರೂ ಸಾಫ್ಟ್‌ವೇರ್‌ನಲ್ಲಿ ಆ ಡೆಕ್ ಕೆಳಗಿರುತ್ತೆ. ಫೇಡರನ್ನು ಆ ಜಾಗಕ್ಕೆ ತಂದು ದಾಟಿಸೋವರೆಗೂ ಶಬ್ದ ಬದಲಾಗಲ್ಲ. ಹೊಸಬರು ಅಲ್ಲೇ ಗಾಬರಿಯಾಗೋದು. ಮದುವೆ ಕೆಲಸಕ್ಕೆ ಎರಡು ಡೆಕ್, ಜೊತೆಗೆ ಒಂದು ಸ್ಯಾಂಪ್ಲರ್ (ಶಬ್ದದ ತುಣುಕು ಬಾರಿಸೋದು) ಸಾಕೇ ಸಾಕು. ಹಾಗಂತ ಪ್ಲಾಟಿನಂ ಕಳಪೆಯಲ್ಲ: 6 ಇಂಚಿನ ಜಾಗ್, ಹಾಡಿನ ವೇಗ ಬದಲಿಸೋ ಉದ್ದ ಟೆಂಪೋ ಸ್ಲೈಡರ್. ತಾನೇ ಬೀಟ್ ಕೂಡಿಸೋ ಸಿಂಕ್ ಬಟನ್ ಮುಟ್ಟದೆ ಕಿವಿಯಲ್ಲೇ ಬೀಟ್ ಕೂಡಿಸಿ ಕಲಿಯೋರಿಗೆ ಆ ಉದ್ದ ನಿಜಕ್ಕೂ ಸಹಾಯ.

ಮುಂದೆ ಬೆಂಗಳೂರಿನ ಕ್ಲಬ್‌ಗಳಲ್ಲಿ ನುಡಿಸೋ ಆಸೆ ಇದ್ದರೆ ಎಫ್‌ಎಲ್‌ಎಕ್ಸ್4 ತಗೊಳ್ಳಿ. ರೆಕಾರ್ಡ್‌ಬಾಕ್ಸ್‌ನಲ್ಲಿ ಈಗ ಹಾಕಿದ ಕ್ಯೂ ಪಾಯಿಂಟ್ (ಹಾಡಿನೊಳಗಿನ ಗುರುತು), ಬೀಟ್‌ಗ್ರಿಡ್ (ತಾಳದ ಗುರುತು), ಪ್ಲೇಲಿಸ್ಟ್ ಎಲ್ಲ ಪೆನ್‌ಡ್ರೈವ್‌ಗೆ ಎಕ್ಸ್‌ಪೋರ್ಟ್ ಮಾಡಿ ನೇರ ಸಿಡಿಜೆಗೆ (ಕ್ಲಬ್‌ಗಳಲ್ಲಿರೋ ಪ್ಲೇಯರ್) ಹಾಕಬಹುದು. ಪೆನ್‌ಡ್ರೈವ್ ಮಾತ್ರ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ ಇರಲಿ. ಸಿಡಿಜೆ-2000 ನೆಕ್ಸಸ್2 ಥರದ ಹಳೆ ಪ್ಲೇಯರ್‌ಗಳು ಎಕ್ಸ್‌ಫ್ಯಾಟ್ ಓದಲ್ಲ.

ಮರುಪ್ರಶ್ನೆ (ದಾವಣಗೆರೆ): ಸರಿ, ಎಫ್‌ಎಲ್‌ಎಕ್ಸ್4 ಅಂದ್ಕೊಂಡೆ. ಇದನ್ನ ಕಲ್ಯಾಣ ಮಂಟಪದ ದೊಡ್ಡ ಸೌಂಡ್ ಸಿಸ್ಟಮ್‌ಗೆ ಹಾಕಿದರೆ ಹಮ್ (ಗುಂಯ್ ಅನ್ನೋ ಸದ್ದು) ಬರುತ್ತೆ, ಸೌಂಡ್ ಕಮ್ಮಿ ಅಂತ ಹೇಳ್ತಾರಲ್ಲ?

ಉತ್ತರ (ಲೈವ್ ಸೌಂಡ್ ಎಂಜಿನಿಯರ್): ಬರುತ್ತೆ. ಆದರೆ ತಪ್ಪು ಕಂಟ್ರೋಲರ್‌ದಲ್ಲ, ಜೋಡಿಸೋ ರೀತಿಯದ್ದು. ಎಫ್‌ಎಲ್‌ಎಕ್ಸ್4ರ ಮಾಸ್ಟರ್ ಔಟ್‌ಪುಟ್ (ಸೌಂಡ್ ಸಿಸ್ಟಮ್‌ಗೆ ಹೋಗೋದು) ಒಂದೇ ಜೋಡಿ ಆರ್‌ಸಿಎ (ಮನೆ ಸ್ಟೀರಿಯೊಗಳಲ್ಲಿರೋ ಕೆಂಪು-ಬಿಳಿ ಸಾಕೆಟ್). ಬೂತ್ ಔಟ್ (ಡಿಜೆ ಪಕ್ಕದ ಸ್ಪೀಕರ್‌ಗೆ) ಇಲ್ಲ, ಎಕ್ಸ್‌ಎಲ್‌ಆರ್ (ಮೂರು ಪಿನ್‌ನ ವೃತ್ತಿಪರ ಸಾಕೆಟ್) ಇಲ್ಲ. ಆರ್‌ಸಿಎ ಅನ್‌ಬ್ಯಾಲೆನ್ಸ್ಡ್, ಅಂದ್ರೆ ಉದ್ದ ಎಳೆದರೆ ಹಮ್ ಹಿಡಿಯುತ್ತೆ. ಮನೆ ಉಪಕರಣಗಳ ಲೈನ್ ಲೆವೆಲ್ ಮೈನಸ್ 10 ಡಿಬಿವಿ, ಅಂದ್ರೆ ಸುಮಾರು 0.32 ವೋಲ್ಟ್. ವೃತ್ತಿಪರ ಮಿಕ್ಸರ್ ಕಾಯೋದು ಪ್ಲಸ್ 4 ಡಿಬಿಯು, ಸುಮಾರು 1.23 ವೋಲ್ಟ್. ಹತ್ತಿರ ಹತ್ತಿರ ನಾಲ್ಕು ಪಟ್ಟು ವ್ಯತ್ಯಾಸ. ಈ ಕೊರತೆ ತುಂಬೋಕೆ ಡಿಜೆ ಮಾಸ್ಟರನ್ನು ಕೆಂಪಿಗೆ ಏರಿಸ್ತಾನೆ, ಶಬ್ದ ಒಡೆಯುತ್ತೆ. ಚಾನೆಲ್ ಮೀಟರ್ ಕಿತ್ತಳೆ ದಾಟದ ಹಾಗೆ ಟ್ರಿಮ್ (ಚಾನೆಲ್‌ನ ಗೇನ್ ನಾಬ್) ಇಟ್ಟು, ಉಳಿದದ್ದನ್ನು ಸೌಂಡ್ ಮಿಕ್ಸರ್‌ನ ಗೇನ್‌ನಲ್ಲಿ ತಗೊಳ್ಳಿ.

ಆರ್‌ಸಿಎ ಕೇಬಲ್ 3 ಮೀಟರ್ ಒಳಗೆ ಇಟ್ಟುಕೊಳ್ಳಿ. ಮಿಕ್ಸರ್ ದೂರದಲ್ಲಿದ್ದರೆ ಆರ್‌ಸಿಎ ಇನ್‌ಪುಟ್ ಇರೋ ಪ್ಯಾಸಿವ್ ಸ್ಟೀರಿಯೊ ಡಿಐ ಬಾಕ್ಸ್ (ಸಿಗ್ನಲನ್ನು ಬ್ಯಾಲೆನ್ಸ್ಡ್ ಮಾಡೋ ಡಬ್ಬ) ತಗೊಳ್ಳಿ. ಅದನ್ನು ಡಿಜೆ ಟೇಬಲ್ ಮೇಲೇ ಇಟ್ಟು ಅಲ್ಲಿಂದ ಎಕ್ಸ್‌ಎಲ್‌ಆರ್ ಎಳೆಯಿರಿ. ಡಿಐನಿಂದ ಹೊರಬರೋದು ಮೈಕ್ ಲೆವೆಲ್, ಹಾಗಾಗಿ ಮಿಕ್ಸರ್‌ನಲ್ಲಿ ಮೈಕ್ ಇನ್‌ಪುಟ್‌ಗೆ ಹಾಕಬೇಕು. ಒಳಗಿನ ಟ್ರಾನ್ಸ್‌ಫಾರ್ಮರ್ ಎರಡೂ ಕಡೆಯ ಅರ್ಥಿಂಗ್ ಬೇರ್ಪಡಿಸೋದರಿಂದ ಹಮ್ ಕೂಡ ಹೋಗುತ್ತೆ. ಹಮ್ ಎಲ್ಲಿಂದ ಅಂತ ತಿಳಿಯೋಕೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಗ್ರೌಂಡ್ ಲೂಪ್ (ಎರಡು ಕಡೆಯ ಅರ್ಥಿಂಗ್ ಸೇರಿ ಬರೋ ಹಮ್). ಪ್ಲಗ್‌ನ ಅರ್ಥ್ ಪಿನ್ ಮುರಿದು ಹಮ್ ನಿಲ್ಲಿಸೋ ಅಭ್ಯಾಸ ಪೆಂಡಾಲ್‌ಗಳಲ್ಲಿ ಇನ್ನೂ ಇದೆ. ಜನರೇಟರ್ ಲೈನ್‌ನಲ್ಲಿ ಅದು ಜೀವಕ್ಕೇ ಅಪಾಯ, ದಯವಿಟ್ಟು ಯಾರೂ ಮಾಡಬೇಡಿ.

ಇನ್ನೊಂದು ಸಾಮಾನ್ಯ ಎಡವಟ್ಟು: ಎಡ-ಬಲ ಎರಡನ್ನೂ ಒಂದೇ 6.3 ಎಂಎಂ ಸ್ಟೀರಿಯೊ ಪಿನ್‌ಗೆ ಸೇರಿಸೋ ಕೇಬಲನ್ನು ಮಿಕ್ಸರ್‌ನ ಒಂದು ಮೋನೋ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಹಾಕೋದು. ಆ ಇನ್‌ಪುಟ್ ಎಡದಿಂದ ಬಲವನ್ನು ಕಳೆಯುತ್ತೆ. ಎರಡೂ ಕಡೆ ಸಮನಾಗಿರೋ ಗಾಯಕರ ಧ್ವನಿ, ಕಿಕ್, ಬೇಸ್ ಮಾಯವಾಗಿ ಬರೀ ಎಕೋ, ಹಿನ್ನೆಲೆ ವಾದ್ಯ ಕೇಳಿಸುತ್ತೆ. ಹಾಡಿನಲ್ಲಿ ವೋಕಲ್ ಇಲ್ಲ ಅಂತ ಯಾರಾದರೂ ಅಂದರೆ ಮೊದಲು ಈ ಕೇಬಲ್ ಹುಡುಕಿ.

ಪ್ರಶ್ನೆ (ಹುಬ್ಬಳ್ಳಿ): ಆ್ಯಂಕರ್ ಮೈಕ್ ಕಂಟ್ರೋಲರ್‌ಗೇ ಹಾಕಬಹುದಾ?

ಉತ್ತರ (ಲೈವ್ ಸೌಂಡ್ ಎಂಜಿನಿಯರ್): ಹಾಕಬಹುದು, ಆದರೆ ಸೌಂಡ್ ಮಿಕ್ಸರ್ ಇರೋ ಕಡೆ ಬೇಡ. ಎಫ್‌ಎಲ್‌ಎಕ್ಸ್4ರಲ್ಲಿ ಒಂದೇ 6.3 ಎಂಎಂ ಮೈಕ್ ಜಾಕ್, ಲೆವೆಲ್ ನಾಬ್ ಒಂದು ಬಿಟ್ಟರೆ ಮೈಕ್‌ಗೆ ಪ್ರತ್ಯೇಕ ಇಕ್ಯೂ ಇಲ್ಲ. ಫ್ಯಾಂಟಮ್ ಪವರ್ (ಕೇಬಲ್‌ನಲ್ಲೇ ಮೈಕ್‌ಗೆ ಕೊಡೋ ಕರೆಂಟ್) ಇಲ್ಲದ್ದರಿಂದ ಕಂಡೆನ್ಸರ್ ಮೈಕ್ ಓಡಲ್ಲ. ಮೈಕ್ ಕೂಗಿಕೊಂಡರೆ ಆ ಫ್ರೀಕ್ವೆನ್ಸಿ ಕಡಿಯೋ ದಾರಿಯೇ ಇರಲ್ಲ, ಮಾಸ್ಟರ್ ಇಳಿಸಿದರೆ ಹಾಡೂ ಇಳಿಯುತ್ತೆ. ಪುಟ್ಟ ಬರ್ತ್‌ಡೇ ಪಾರ್ಟಿ, ಎರಡು ಪವರ್ಡ್ ಸ್ಪೀಕರ್ ಇದ್ದಾಗ ಮಾತ್ರ ಇದು ಸಾಕು. ತಿಂಗಳಿಗೆ ನಾಲ್ಕೈದು ಮದುವೆ ನಿಮ್ಮದೇ ಸೌಂಡ್‌ನಲ್ಲಿ ಮಾಡ್ತೀರಾದರೆ ಎಕ್ಸ್‌ಎಲ್‌ಆರ್ ಮಾಸ್ಟರ್, ಬೂತ್ ಔಟ್, ಎರಡು ಮೈಕ್ ಇರೋ ಮಾಡೆಲ್‌ಗೆ ಹೋಗಿ. ಎಫ್‌ಎಲ್‌ಎಕ್ಸ್10 ಆ ದರ್ಜೆಯದು. ಬೆಲೆ ಹಲವು ಪಟ್ಟು ಜಾಸ್ತಿ, ಆದರೆ ಆ ದುಡ್ಡು ಹೋಗೋದು ಹಿಂಬದಿಯ ಸಾಕೆಟ್‌ಗಳಿಗೂ ಅಂತ ನೆನಪಿರಲಿ.

ಪ್ರಶ್ನೆ (ಮಂಗಳೂರು): ಲ್ಯಾಪ್‌ಟಾಪ್ ಹ್ಯಾಂಗ್ ಆಗೋ ಭಯ. ಲ್ಯಾಪ್‌ಟಾಪ್ ಬೇಡದ ಸೆಟ್ ಒಳ್ಳೇದಲ್ವಾ?

ಉತ್ತರ (ಡಿಜೆ ತರಬೇತುದಾರ): ಎಕ್ಸ್‌ಡಿಜೆ-ಆರ್‌ಎಕ್ಸ್3, ಡೆನನ್ ಪ್ರೈಮ್ 4 ಎರಡೂ ಸ್ವತಂತ್ರವಾಗಿ ಓಡುತ್ತವೆ. ಆರ್‌ಎಕ್ಸ್3 ಎರಡು ಚಾನೆಲ್. ಪ್ರೈಮ್ 4 ನಾಲ್ಕು ಚಾನೆಲ್, ಒಳಗೇ 2.5 ಇಂಚಿನ ಡ್ರೈವ್ ಕೂರಿಸೋ ಜಾಗ ಇದೆ. ಆದರೆ ಹಾಡುಗಳನ್ನು ಮನೆಯಲ್ಲೇ ಅನಲೈಸ್ ಮಾಡಿ (ಬೀಟ್ ಗುರುತಿಸಿ) ಹಾಕಿಕೊಂಡರೆ ಒಳ್ಳೇದು, ಒಂದೇ ಥರದ ಎರಡು ಪೆನ್‌ಡ್ರೈವ್ ಇರಬೇಕು. ಮದುವೆ ಮನೆಯಲ್ಲಿ ಮಾವನ ಕಡೆಯವರು ಹಳೆ ಹಾಡು ಕೇಳಿದಾಗ ಹುಡುಕೋದು ಲ್ಯಾಪ್‌ಟಾಪ್ ಕೀಬೋರ್ಡ್‌ನಲ್ಲೇ ಸಲೀಸು. ಬಹುಪಾಲು ಹ್ಯಾಂಗ್‌ಗಳನ್ನು ಸೆಟ್ಟಿಂಗ್‌ನಲ್ಲೇ ತಪ್ಪಿಸಬಹುದು: ಕಂಪನಿಯ ಏಸಿಯೊ ಡ್ರೈವರ್ (ಶಬ್ದ ಬೇಗ ಸಾಗಿಸೋ ಸಾಫ್ಟ್‌ವೇರ್) ಹಾಕಿ, ಪವರ್ ಆಪ್ಷನ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ, ವಿಂಡೋಸ್ ಅಪ್‌ಡೇಟ್ ತಾತ್ಕಾಲಿಕವಾಗಿ ನಿಲ್ಲಿಸಿ, ವೈಫೈ ಆಫ್ ಇಡಿ, ಹಬ್ ಇಲ್ಲದೆ ನೇರ ಪೋರ್ಟ್‌ಗೆ ಚುಚ್ಚಿ. ಹಬ್‌ನಲ್ಲಿ ಮೌಸ್, ಹಾರ್ಡ್ ಡಿಸ್ಕ್ ಎಲ್ಲ ಸೇರಿದರೆ ಕಂಟ್ರೋಲರ್‌ಗೆ ಕರೆಂಟ್ ಸಾಲದೆ ನಡುವೆ ಕಡಿದುಹೋಗುತ್ತೆ.

ಬಫರ್ (ಶಬ್ದ ಕೂಡಿಟ್ಟು ಕಳಿಸೋ ಪ್ರಮಾಣ) 256 ಸ್ಯಾಂಪಲ್‌ನಿಂದ ಶುರು ಮಾಡಿ. 44.1 ಕಿಲೋಹರ್ಟ್ಸ್‌ನಲ್ಲಿ ಅದು 5.8 ಮಿಲಿಸೆಕೆಂಡ್. ಪಟಪಟ ಶಬ್ದ ಬಂದರೆ 512ಕ್ಕೆ ಏರಿಸಿ, 11.6 ಆಗುತ್ತೆ. ಸ್ಕ್ರ್ಯಾಚ್ ಮಾಡದವರಿಗೆ ಈ ವ್ಯತ್ಯಾಸ ಗೊತ್ತೂ ಆಗಲ್ಲ. 8 ಜಿಬಿ ರ‍್ಯಾಮ್‌ನಲ್ಲಿ ಸಾಮಾನ್ಯ ಮಿಕ್ಸಿಂಗ್ ಆರಾಮ. ಸ್ಟೆಮ್ಸ್, ಅಂದರೆ ಹಾಡಿನಿಂದ ಧ್ವನಿ ಬೇರ್ಪಡಿಸೋದು, ಪ್ರೊಸೆಸರನ್ನು ಹಿಂಡುತ್ತೆ. ಅದಕ್ಕೆ 16 ಜಿಬಿ ಇದ್ದರೆ ವಾಸಿ.

ಪ್ರಶ್ನೆ (ಶಿವಮೊಗ್ಗ): ಡಿಡಿಜೆ-200 ಅಗ್ಗಕ್ಕೆ ಸಿಗ್ತಿದೆ. ಕಲಿಯೋಕೆ ಸಾಕಾ?

ಉತ್ತರ (ಡಿಜೆ ತರಬೇತುದಾರ): ಬೇಡ. ಅದರಲ್ಲಿ ಸೌಂಡ್ ಕಾರ್ಡ್ ಇಲ್ಲ. ಫೋನ್ ಜಾಕ್‌ಗೆ ಸ್ಪ್ಲಿಟ್ ಕೇಬಲ್ ಹಾಕಿದರೆ ಒಂದು ಕಡೆ ಸ್ಪೀಕರ್, ಒಂದು ಕಡೆ ಹೆಡ್‌ಫೋನ್, ಎರಡೂ ಮೋನೋ. ಬ್ಲೂಟೂತ್ ಹೆಡ್‌ಫೋನ್ ಹಾಕ್ತೀನಿ ಅಂತೀರಾದರೆ ಅದೂ ಆಗಲ್ಲ: ಶಬ್ದ ಕಿವಿಗೆ ತಡವಾಗಿ ಬರೋದರಿಂದ ಬೀಟ್ ಕೂಡಿಸೋಕೆ ಆಗಲ್ಲ. ಕಲಿಯೋಕೇ ಆದರೆ ಹರ್ಕ್ಯುಲಿಸ್ ಇನ್‌ಪಲ್ಸ್ 300 ನೋಡಿ. ಟೆಂಪೋ ಏರಿಸಬೇಕಾ, ಇಳಿಸಬೇಕಾ ಅಂತ ಅದರ ದೀಪಗಳೇ ತೋರಿಸುತ್ತವೆ.

ಪ್ರಶ್ನೆ (ಮೈಸೂರು): ಸೆಕೆಂಡ್ ಹ್ಯಾಂಡ್‌ನಲ್ಲಿ ಏನೇನು ನೋಡಬೇಕು?

ಉತ್ತರ (ಲೈವ್ ಸೌಂಡ್ ಎಂಜಿನಿಯರ್): ನಿಮ್ಮ ಲ್ಯಾಪ್‌ಟಾಪ್, ಹೆಡ್‌ಫೋನ್ ಜೊತೆಗೇ ಹೋಗಿ. ಕ್ರಾಸ್‌ಫೇಡರ್ (ಎರಡು ಡೆಕ್ ನಡುವೆ ಶಬ್ದ ಬದಲಿಸೋ ಅಡ್ಡ ಸ್ಲೈಡರ್) ಪೂರ್ತಿ ಎಡಕ್ಕೆ ತಳ್ಳಿ ಬಲ ಡೆಕ್ ಪ್ಲೇ ಮಾಡಿ, ಮಾಸ್ಟರ್ ಏರಿಸಿ. ಸಣ್ಣಗೆ ಹಾಡು ಕೇಳಿಸಿದರೆ ಫೇಡರ್ ಸವೆದಿದೆ ಅಥವಾ ಧೂಳು ಕೂತಿದೆ. ಪ್ರತಿ ವಾಲ್ಯೂಮ್ ಫೇಡರನ್ನೂ ನಿಧಾನ ಎಳೆದು, ಸಾಫ್ಟ್‌ವೇರ್ ಪರದೆ ಮೇಲಿನ ಫೇಡರ್ ನಡುವೆ ಜಿಗಿಯುತ್ತಾ ನೋಡಿ. ಧೂಳಾದರೆ ಫೇಡರ್‌ಗೆಂದೇ ಬರೋ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಸರಿಹೋಗುತ್ತೆ. ತುಕ್ಕು ಬಿಡಿಸೋ ಸಾಮಾನ್ಯ ಸ್ಪ್ರೇ ಹೊಡೆದರೆ ಒಳಗಿನ ಗ್ರೀಸ್ ತೊಳೆದುಹೋಗಿ ಇನ್ನೂ ಬೇಗ ಕೆಡುತ್ತೆ. ಜಾಗ್ ಮೇಲೆ ಒಂದೇ ಬೆರಳು ಇಡಿ: ಹಾಡು ತಕ್ಷಣ ನಿಲ್ಲಬೇಕು, ತೆಗೆದ ಕೂಡಲೇ ಓಡಬೇಕು. ಪ್ಯಾಡ್‌ಗಳನ್ನು ಒಂದೊಂದಾಗಿ ಹಗುರವಾಗಿ ಒತ್ತಿ, ಎರಡು ಸಲ ಬಾರಿಸಿದ ಹಾಗಾದರೆ ಒಳಗಿನ ರಬ್ಬರ್ ಹೋಗಿದೆ. ಕೊನೆಗೆ ಹಾಡು ಓಡ್ತಿರುವಾಗ ಯುಎಸ್‌ಬಿ ಕೇಬಲನ್ನು ಸಾಕೆಟ್ ಹತ್ತಿರ ಹಿಡಿದು ಮೆಲ್ಲಗೆ ಆಡಿಸಿ. ಕಡಿದರೆ ನಿಮ್ಮದೇ ಬೇರೆ ಕೇಬಲ್ ಹಾಕಿ ಮತ್ತೊಮ್ಮೆ ನೋಡಿ. ಆಗಲೂ ಕಡಿದರೆ ಬೋರ್ಡ್ ಮೇಲಿನ ಸಾಕೆಟ್ ಬೆಸುಗೆ ಬಿಟ್ಟಿದೆ, ಎಷ್ಟು ಕಡಿಮೆಗೆ ಕೊಟ್ಟರೂ ತಗೊಳ್ಳಬೇಡಿ.