ತೂತು ‘ಹೆಪ್ಪುಗಟ್ಟಿತೇ’, ‘ಮಾಯಿತೇ’, ‘ಕಟ್ಟಿಕೊಂಡಿತೇ’?

ಎಲ್ಲರಿಗೂ ನಮಸ್ಕಾರ.

ಸೈಕಲ್‌ಗೆ ಟ್ಯೂಬ್‌ಲೆಸ್ ಗಾಲಿ ಆರಿಸುವುದು ಹೇಗೆ, ಆಮೇಲೆ ಅದನ್ನು ನೋಡಿಕೊಳ್ಳುವುದು ಹೇಗೆ ಅಂತ ಹೊಸಬರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಟೈರ್, ರಿಮ್, ವಾಲ್, ಪಂಚರ್ ಇವೆಲ್ಲ ಎಲ್ಲರ ಬಾಯಲ್ಲೂ ಇರುವ ಮಾತುಗಳು. ಸುಮ್ನೆ ‘ಕೊಳವೆರಹಿತ’ ಅಂತ ಬರೆದು ಓದುವವರನ್ನು ತಡವರಿಸುವಂತೆ ಮಾಡುವುದು ನನಗೆ ಇಷ್ಟವಿಲ್ಲ. ನಾನು ಸಿಕ್ಕಿಕೊಂಡಿರುವುದು ಕ್ರಿಯಾಪದಗಳಲ್ಲಿ.

ಟ್ಯೂಬ್ ಇರುವ ಗಾಲಿಗೆ ನಮ್ಮ ಮಾತು ಸಲೀಸಾಗಿ ಒದಗುತ್ತದೆ. ‘ಪಂಚರ್ ಆಯಿತು’ ಅಂದರೆ ತೂತು ಬಿತ್ತು. ‘ಪಂಚರ್ ಹಾಕಿಸಿದೆ’ ಅಂದರೆ ಅದನ್ನು ಮುಚ್ಚಿಸಿದೆ. ಹೆಸರು ಒಂದೇ, ಕ್ರಿಯಾಪದ ಬದಲಾದರೆ ಅರ್ಥವೇ ತಿರುಗಿಬಿಡುತ್ತದೆ. ಎಷ್ಟು ಚೆಂದ, ಅಲ್ವಾ? ಆದರೆ ಟ್ಯೂಬ್‌ಲೆಸ್‌ನಲ್ಲಿ ಸಣ್ಣ ತೂತಿಗೆ ಪಂಚರ್ ಹಾಕುವವರೇ ಬೇಕಿಲ್ಲ. ಟೈರಿನೊಳಗೆ ಸೀಲೆಂಟ್ ಅನ್ನುವ ದ್ರವ ಇರುತ್ತದೆ. ಹೆಚ್ಚಿನವು ರಬ್ಬರ್ ಹಾಲಿನಿಂದ ಮಾಡಿದವು. ಮುಳ್ಳು ಚುಚ್ಚಿದಾಗ ಗಾಳಿಯ ಜೊತೆ ಆ ದ್ರವವೂ ತೂತಿಗೆ ನುಗ್ಗುತ್ತದೆ, ಅಲ್ಲೇ ಗಟ್ಟಿಯಾಗಿ ನಿಂತುಬಿಡುತ್ತದೆ. ಸವಾರರಿಗೆ ಎಷ್ಟೋ ಸಲ ಇದು ಗೊತ್ತೂ ಆಗುವುದಿಲ್ಲ. ಹೀಗೆ ತಾನಾಗಿ ನಡೆಯುವ ಕೆಲಸಕ್ಕೆ ಏನನ್ನಬೇಕು?

ಮೊದಲು ಹೊಳೆದದ್ದು ‘ಹೆಪ್ಪುಗಟ್ಟು’. ಗಾಯದಲ್ಲಿ ರಕ್ತ ಹೆಪ್ಪುಗಟ್ಟಿ ಸೋರುವುದು ನಿಲ್ಲುವ ಹಾಗೇ ಇದೂ ನಡೆಯುತ್ತದೆ. ಖುಷಿಯಿಂದ ಬರೆದುಕೊಂಡೆ. ಆಮೇಲೆ ಒಂದು ತೊಡಕು ಕಂಡಿತು. ಈ ಸೀಲೆಂಟ್ ತೂತು ಇಲ್ಲದಿದ್ದರೂ ಟೈರಿನೊಳಗೆ ನಿಧಾನವಾಗಿ ಒಣಗುತ್ತದೆ. ಸೆಕೆಯಲ್ಲಿ ಇನ್ನೂ ಬೇಗ. ಸಾಮಾನ್ಯವಾಗಿ 2ರಿಂದ 6 ತಿಂಗಳೊಳಗೆ ನೋಡಿ ಮತ್ತೆ ತುಂಬಬೇಕು. ಇಲ್ಲದಿದ್ದರೆ ಒಳಗೆ ರಬ್ಬರಿನ ಗಂಟುಗಳು ಮಾತ್ರ ಉಳಿಯುತ್ತವೆ. ಈಗ ‘ಸೀಲೆಂಟ್ ಹೆಪ್ಪುಗಟ್ಟಿದೆ’ ಅಂತ ಬರೆದರೆ ಅದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ? ಓದುವವರಿಗೆ ತಿಳಿಯುವುದಿಲ್ಲ.

‘ಮಾಯು’ ನನಗೆ ತುಂಬ ಪ್ರಿಯವಾದ ಪದ. ಗಾಯ ಮಾಯುತ್ತದೆ, ತೂತೂ ಮಾಯಲಿ. ಆದರೆ ಮಾಯುವುದಕ್ಕೆ ದಿನಗಟ್ಟಲೆ ಬೇಕು, ಇದು ಕೆಲವೇ ಸೆಕೆಂಡುಗಳ ಕೆಲಸ. ಅದೂ ಅಲ್ಲದೆ ‘ತೂತು ಮಾಯಿತು’ ಅಂದರೆ ಇಂದಿನ ಎಳೆಯರು ‘ಮಾಯವಾಯಿತು’ ಅಂತ ಓದಿಕೊಳ್ಳಬಹುದು.

ಉಳಿದದ್ದು ‘ಕಟ್ಟಿಕೊಳ್ಳು’. ಮೂಗು ಕಟ್ಟಿಕೊಳ್ಳುತ್ತದೆ, ಚರಂಡಿ ಕಟ್ಟಿಕೊಳ್ಳುತ್ತದೆ. ತಾನಾಗಿ ನಡೆಯುವುದು, ದ್ರವ ಗಟ್ಟಿಯಾಗಿ ದಾರಿ ಮುಚ್ಚುವುದು ಎರಡೂ ಇದರಲ್ಲಿವೆ. ಇದೇ ಸೀಲೆಂಟ್ ವಾಲ್ ಒಳಗೂ ಸೇರಿ ಗಟ್ಟಿಯಾಗುತ್ತದೆ, ಆಗ ಪಂಪ್ ಒತ್ತಿದರೂ ಗಾಳಿ ಒಳಗೆ ಹೋಗುವುದಿಲ್ಲ. ಅದಕ್ಕೂ ನಾವು ‘ವಾಲ್ ಕಟ್ಟಿಕೊಂಡಿದೆ’ ಅಂತಲೇ ಹೇಳುತ್ತೇವೆ. ಆದರೆ ಇಲ್ಲಿ ಗೊಂದಲವಿಲ್ಲ ಅಂತ ನನಗನ್ನಿಸುತ್ತದೆ. ತೂತು ಕಟ್ಟಿಕೊಂಡರೆ ಒಳ್ಳೆಯದು, ವಾಲ್ ಕಟ್ಟಿಕೊಂಡರೆ ಬಿಚ್ಚಿ ತೊಳೆಯಬೇಕು. ಯಾವುದು ಕಟ್ಟಿಕೊಂಡಿತು ಅನ್ನುವುದೇ ಅರ್ಥ ಹೇಳಿಬಿಡುತ್ತದೆ. ಸದ್ಯಕ್ಕೆ ನನ್ನ ಮನಸ್ಸು ಇದರ ಕಡೆಗೇ ಇದೆ.

ಇನ್ನೊಂದು ಪದ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತಿದೆ: ‘ಟ್ಯೂಬ್‌ಲೆಸ್ ರೆಡಿ’, ಅಂದರೆ ಟ್ಯೂಬ್‌ಲೆಸ್ ಮಾಡಿಕೊಳ್ಳಬಹುದಾದ ರಿಮ್ಮಿಗೆ ಅನ್ನುವ ಮಾತು. 1999ರಲ್ಲಿ ಮಾವಿಕ್ ಅನ್ನುವ ಫ್ರೆಂಚ್ ಕಂಪನಿ ತಂದ ಯುಎಸ್‌ಟಿ ಅನ್ನುವ ಟ್ಯೂಬ್‌ಲೆಸ್ ಗಾಲಿಯಲ್ಲಿ ರಿಮ್ಮಿನ ಒಳಮೈಗೆ ಕಡ್ಡಿಯ ತೂತುಗಳೇ ಇರಲಿಲ್ಲ, ಹಾಗಾಗಿ ಟೇಪ್ ಬೇಕಿರಲಿಲ್ಲ. ಈಗಿನ ಹೆಚ್ಚಿನ ‘ರೆಡಿ’ ರಿಮ್ಮುಗಳಲ್ಲಿ ಆ ತೂತುಗಳಿವೆ. ಗಾಳಿ ಸೋರದಂತೆ ಟೇಪ್ ಸುತ್ತಬೇಕು, ಬೇರೆ ವಾಲ್ ಕೂರಿಸಬೇಕು, ಸೀಲೆಂಟ್ ಹಾಕಬೇಕು. ಆದರೆ ನಮ್ಮ ಮಾತಿನಲ್ಲಿ ‘ಗಾಡಿ ರೆಡಿ’ ಅಂದರೆ ಕೆಲಸ ಮುಗಿದಿದೆ, ತೆಗೆದುಕೊಂಡು ಹೋಗಬಹುದು ಅಂತ. ಅದೇ ಗುಂಗಿನಲ್ಲಿ ಗಾಲಿ ಕೊಂಡವರು ಮನೆಗೆ ತಂದ ಮೇಲೆ ಕಂಗಾಲಾಗುತ್ತಾರೆ. ‘ಟ್ಯೂಬ್‌ಲೆಸ್‌ಗೆ ಒಗ್ಗುವ ರಿಮ್’ ಅಂದರೆ ಸರಿಯಾದೀತೇ? ‘ಒಗ್ಗು’ ಅನ್ನುವುದರಲ್ಲಿ ಇನ್ನೂ ಆಗಿಲ್ಲ, ಆಗಬಲ್ಲದು ಅನ್ನುವ ಸುಳಿವಿದೆ.

ಹುಕ್‌ಲೆಸ್ ರಿಮ್ಮಿಗೆ ‘ಕೊಕ್ಕೆ ಇಲ್ಲದ ರಿಮ್’ ಅಂತ ಬರೆದಿದ್ದೇನೆ. ಟೈರನ್ನು ಹಿಡಿಯುವ ಒಳಬಾಗಿದ ಅಂಚು ಇದಕ್ಕಿಲ್ಲ. 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರಿ ಗಾಳಿ ಹೊಡೆಯಬಾರದು, ಇದಕ್ಕೆಂದೇ ಮಾಡಿದ ಟೈರನ್ನೇ ಹಾಕಬೇಕು. ಪ್ರಾಣಕ್ಕೆ ಸಂಬಂಧಿಸಿದ ಮಾತು, ಹಾಗಾಗಿ ಪದ ಒಡೆದು ಕಾಣುವಂತಿರಲಿ.

ಕೊನೆಯದು. ಗಾಳಿ ಕಡಿಮೆಯಿರುವಾಗ ಜೋರಾಗಿ ತಿರುಗಿದರೆ ಟೈರಿನ ಅಂಚು ಕ್ಷಣಕಾಲ ರಿಮ್ ಬಿಟ್ಟು ಒಂದಿಷ್ಟು ಗಾಳಿ ಹೊರಹೋಗುತ್ತದೆ. ಇಂಗ್ಲಿಷ್ ಸವಾರರು ಇದನ್ನು ‘ಬರ್ಪ್’ ಅನ್ನುತ್ತಾರೆ. ನೇರವಾಗಿ ‘ತೇಗು’ ಅಂದುಬಿಡಬಹುದಿತ್ತು. ಆದರೆ ನಾವು ತೇಗುವುದು ಹೊಟ್ಟೆ ತುಂಬಿದಾಗ, ಟೈರು ಹೀಗೆ ಮಾಡುವುದು ಗಾಳಿ ಸಾಲದಾಗ. ಓದಿದವರು ಗಾಳಿ ಜಾಸ್ತಿಯಾಯಿತು ಅಂತ ಇನ್ನಷ್ಟು ಇಳಿಸಿದರೆ ಕಷ್ಟ. ‘ಗಾಳಿ ಕಕ್ಕಿತು’ ಅನ್ನೋಣವೇ? ಸೀಲೆಂಟೂ ಜೊತೆಗೆ ಚಿಮ್ಮುವುದರಿಂದ ‘ಕಕ್ಕು’ ಹೊಂದುತ್ತದೆ ಅನ್ನಿಸಿದೆ. ನಿಮ್ಮಲ್ಲಿ ಸೈಕಲ್ ತುಳಿಯುವವರು ಇದಕ್ಕೆ ಈಗಾಗಲೇ ಏನಾದರೂ ಅನ್ನುತ್ತಿದ್ದರೆ, ದಯವಿಟ್ಟು ಆ ಮಾತನ್ನೇ ಹೇಳಿ.