‘ಈ ವರ್ಷ 114 ಹಕ್ಕಿ’ ಅಂದರೆ ಏನರ್ಥ?

ಬಲ್ಲವರಿಗೆ ನಮಸ್ಕಾರ.

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ದಿನಾ ಬೆಳಿಗ್ಗೆ ದುರ್ಬೀನು ನೇತುಹಾಕಿಕೊಂಡು ಸುತ್ತುವವನು ನಾನು. ಜನವರಿ 1ರಿಂದ ಡಿಸೆಂಬರ್ 31ರವರೆಗೆ ಆ ಕೆರೆಯಂಗಳದಲ್ಲಿ ಏನೇನು ಹಕ್ಕಿ ಕಂಡವೋ ಬರೆದಿಡುವ ಹುಚ್ಚು. ಮೊನ್ನೆ ಟೀ ಅಂಗಡಿಯಲ್ಲಿ ಗೆಳೆಯನಿಗೆ ‘ಈ ವರ್ಷ 114 ಹಕ್ಕಿ ಸಿಕ್ವು ಕಣೋ’ ಅಂದೆ. ಅಂಗಡಿಯವರು ಲೋಟ ತೊಳೆಯುತ್ತಲೇ, ‘ಅಲ್ಲ ಸಾರ್, ಆ ನಡುಗಡ್ಡೆ ಮರದ ಮೇಲೆ ಸಂಜೆ ಕೂರೋ ಬೆಳ್ಳಕ್ಕಿನೇ ಇನ್ನೂರಾಗ್ತವೆ. ವರ್ಷವೆಲ್ಲ ಸುತ್ತಿ ನಿಮ್ಗೆ 114 ಸಿಕ್ವಾ?’ ಅಂದರು.

ನಾನು ಹೇಳಿದ್ದು ಬೇರೆ ಬೇರೆ ಹಕ್ಕಿಗಳ ಲೆಕ್ಕ, ಒಂದೊಂದು ಹೆಸರಿಗೆ ಒಂದು. ಅವರು ಕೇಳಿಸಿಕೊಂಡದ್ದು ತಲೆ ಲೆಕ್ಕ. ಆದರೂ ಅವರದೇ ಸರಿ. ಕನ್ನಡದಲ್ಲಿ ಹತ್ತು ಹಕ್ಕಿ ಅಂದರೆ ಹತ್ತು ತಲೆ. ‘ಸಿಕ್ವು’ ಅಂದರಂತೂ ಬಲೆ ಹಾಕಿದ ಹಾಗೆ ಕೇಳುತ್ತದೆ. ಅಮೆರಿಕದ ಹಕ್ಕಿವೀಕ್ಷಕ ನೋವಾ ಸ್ಟ್ರೈಕರ್ 2015ರಲ್ಲಿ ಲೋಕವೆಲ್ಲ ತಿರುಗಿ ಕಂಡದ್ದು 6,042. ಅದನ್ನು ‘6,042 ಹಕ್ಕಿ ನೋಡಿದ’ ಎಂದು ಬರೆದರೆ, ‘ಅಷ್ಟು ಬಾವಲಿ ನಮ್ಮೂರ ಆಲದ ಮರದಲ್ಲೇ ಇವೆ’ ಅನ್ನುವವರು ಇದ್ದೇ ಇರುತ್ತಾರೆ. (ಬಾವಲಿ ಹಕ್ಕಿಯಲ್ಲ, ಗೊತ್ತು. ಅನ್ನುವವರು ಅದನ್ನೆಲ್ಲ ನೋಡುವುದಿಲ್ಲ.)

ಪತ್ರಿಕೆಗಳು ಎಲ್ಲದಕ್ಕೂ ‘ಹಕ್ಕಿ ಗಣತಿ’ ಅನ್ನುತ್ತವೆ. ನನಗದು ಒಗ್ಗುವುದಿಲ್ಲ. ಜನಗಣತಿ, ಆನೆ ಗಣತಿ ಎಲ್ಲ ತಲೆ ಎಣಿಸುವ ಕೆಲಸ. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿಗಳ ಎಣಿಕೆಗೆ ಈ ಪದ ಸರಿಹೊಂದುತ್ತದೆ. ಅಲ್ಲಿ ಕೆರೆಯಲ್ಲಿ ನಾಮದಕೋಳಿ ಎಷ್ಟಿವೆ ಎನ್ನುವುದೇ ಮುಖ್ಯ. ನನ್ನ ಪುಸ್ತಕದಲ್ಲಿ ನಾಮದಕೋಳಿ ಒಂದಿದ್ದರೂ ಒಂದೇ ಸಾಲು, ಮುನ್ನೂರಿದ್ದರೂ ಒಂದೇ ಸಾಲು. ಸದ್ಯಕ್ಕೆ ‘ವರ್ಷದ ಪಟ್ಟಿ’ ಅಂತ ಕರೆಯುತ್ತಿದ್ದೇನೆ, ಸಪ್ಪೆ ಅನಿಸಿದರೂ.

ಆ 114ರ ಮುಂದೆ ಏನು ಹಾಕಬೇಕು ಎಂಬುದು ಇನ್ನೊಂದು ತಲೆನೋವು. ‘ಅಪರೂಪದ ತಳಿಯ ಹಕ್ಕಿ’ ಎಂದು ಓದಿದಾಗಲೆಲ್ಲ ಮೈ ಉರಿಯುತ್ತದೆ. ತಳಿ ಅನ್ನುವುದು ರಾಗಿಗೆ, ಹಸುವಿಗೆ, ಮನುಷ್ಯ ಆರಿಸಿ ಬೆಳೆಸಿದ್ದಕ್ಕೆ. ‘ಜಾತಿ’ ಬಾಯಿಗೆ ಸಲೀಸು, ಆದರೆ ‘ಅದೊಂದು ಜಾತಿ ಹಕ್ಕಿ’ ಅಂದರೆ ಯಾವುದೋ ವಿಚಿತ್ರ ಹಕ್ಕಿ ಎಂದಾಗಿಬಿಡುತ್ತದೆ. ‘ಪ್ರಭೇದ’ ಶಾಸ್ತ್ರಕ್ಕೆ ಸರಿ, ಟೀ ಅಂಗಡಿಯಲ್ಲಿ ಆಡಿದರೆ ಮೇಷ್ಟ್ರು ಬಂದರು ಅಂತಾರೆ. ಉಳಿದದ್ದು ‘ಬಗೆ’. ಅದನ್ನೇ ಬಳಸೋಣವೆಂದರೆ ಕೋಗಿಲೆ ಅಡ್ಡ ಬರುತ್ತದೆ. ಗಂಡು ಮಿರಮಿರ ಕಪ್ಪು, ಕೆಂಪು ಕಣ್ಣು. ಹೆಣ್ಣು ಕಂದು, ಮೈತುಂಬ ಬಿಳಿ ಚುಕ್ಕಿ. ಕಣ್ಣಿಗೆ ಎರಡು ಬಗೆ, ಪಟ್ಟಿಯಲ್ಲಿ ಒಂದೇ. ಹೀಗಿದ್ದೂ ‘114 ಬಗೆ’ ಎನ್ನಬಹುದೇ?

ಇನ್ನು ನಾನು ನಿಜವಾಗಿ ಕೇಳಬೇಕೆಂದಿದ್ದ ಪದ. ಬದುಕಿನಲ್ಲೇ ಮೊದಲ ಸಲ ಕಂಡ ಹಕ್ಕಿಗೆ ನಮ್ಮವರು ‘ಲೈಫರ್’ ಅನ್ನುತ್ತಾರೆ, ಆ ವರ್ಷದಲ್ಲಿ ಮೊದಲ ಸಲ ಕಂಡದ್ದಕ್ಕೆ ‘ಇಯರ್ ಟಿಕ್’. ಮೊದಲನೆಯದಕ್ಕೆ ‘ಹೊಸ ಹಕ್ಕಿ’ ಎಂದರೆ ಲೋಕಕ್ಕೇ ಹೊಸದು ಎಂಬ ಅರ್ಥ ಬರುತ್ತದೆ. ‘ಚೊಚ್ಚಲು’ ಎಂದರೆ ಅದಕ್ಕೆ ಮುಂಚೆ ಹಕ್ಕಿಯನ್ನೇ ನೋಡಿರಲಿಲ್ಲವೇನೋ ಅನಿಸುತ್ತದೆ. ಎರಡನೆಯದಕ್ಕೆ ಮಾತ್ರ ನನಗೊಂದು ಪದ ಹೊಳೆದಿದೆ. ಅಮ್ಮನ ತವರು ಕುಂದಾಪುರದ ಕಡೆ. ಅಲ್ಲಿ ಗದ್ದೆಯಿಂದ ಕದಿರು ತಂದು ಮನೆಯಲ್ಲಿ ಕಟ್ಟಿ, ಹೊಸ ಅಕ್ಕಿ ಊಟ ಮಾಡುವುದಕ್ಕೆ ‘ಹೊಸ್ತು’ ಅನ್ನುತ್ತಾರೆ. ಅಕ್ಕಿ ಹೊಸದೇನಲ್ಲ, ಪ್ರತಿ ವರ್ಷ ಉಣ್ಣುವುದೇ. ಆದರೂ ಆ ವರ್ಷದ ಮೊದಲ ತುತ್ತು ಹೊಸ್ತು. ‘ಇವತ್ತು ಕೆರೆಯಲ್ಲಿ ಮೂರು ಹೊಸ್ತು ಆಯ್ತು’ ಅಂದರೆ ಹೇಗೆ?

ಒಂದು ತೊಡಕಿದೆ. ಉತ್ತರದಿಂದ ವಲಸೆ ಬರುವ ಪುಟ್ಟ ಕಂದು ಉಲಿಯಕ್ಕಿ, ಬ್ಲೈತ್ಸ್ ರೀಡ್ ವಾರ್ಬ್ಲರ್, ಹೊಸ್ತಿನ ಆಸುಪಾಸಿನಲ್ಲೇ ಬಂದು ಪೊದೆಯೊಳಗೆ ಕೂತು ‘ಚಕ್ ಚಕ್’ ಅನ್ನಲು ಶುರುಮಾಡುತ್ತದೆ. ಎಷ್ಟೋ ತಿಂಗಳಾದ ಮೇಲೆ ಕೇಳುವ ದನಿ, ಎದೆಗೆ ಅದೇ ಹೊಸ್ತು. ಆದರೆ ಹಿಂದಿನ ಸಲ ಬಂದದ್ದು ಜನವರಿಯಲ್ಲೂ ಇಲ್ಲೇ ಇರುವುದರಿಂದ ಪಟ್ಟಿಯಲ್ಲಿ ಅದರ ಹೆಸರು ಜನವರಿ 1ಕ್ಕೇ ಬಂದು ಕೂತಿರುತ್ತದೆ. ನಿಯಮ ಪ್ರಕಾರ ಅದಕ್ಕೆ ಲೆಕ್ಕವಿಲ್ಲ.

ಹೊಸ್ತು ಆಚರಿಸುವ ಊರಿನವರು ಹೇಳಬೇಕು. ಈ ಪದ ಅಕ್ಕಿಯಿಂದಾಚೆಗೆ, ವರ್ಷದ ಮೊದಲ ಮಾವಿಗೋ ಮೀನಿಗೋ, ನಿಮ್ಮ ಕಡೆ ಬಳಕೆಯಲ್ಲಿದೆಯೇ? ಬಯಲುಸೀಮೆಯಲ್ಲಿ, ಬಡಗಣ ಜಿಲ್ಲೆಗಳಲ್ಲಿ ಇದಕ್ಕೆ ಏನನ್ನುತ್ತಾರೆ? ‘ಲೈಫರ್’ಗೂ ಏನಾದರೂ ಹೊಳೆದರೆ ತಿಳಿಸಿ. ಅಂಗಡಿಯವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ.